ಏಳು ಸೀಟಿನ ಕಾರಿಗೆ 750 ಕೆಜಿ ಕ್ಯಾರವಾನ್: ಹಿಚ್, ವೈರಿಂಗ್, ಬ್ರೇಕ್, ತೂಕ

ಕೆಲಸ ಇಷ್ಟು: ಲ್ಯಾಡರ್ ಫ್ರೇಮ್, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂತ ಏಳು ಸೀಟಿನ ಡೀಸೆಲ್ ಕಾರು, ಅದರ ಹಿಂದೆ ಒಂದೇ ಆ್ಯಕ್ಸಲ್‌ನ ಚಿಕ್ಕ ಕ್ಯಾರವಾನ್, ಅಂದರೆ ಕಾರು ಎಳೆದೊಯ್ಯುವ, ಒಳಗೆ ಮಲಗಬಹುದಾದ ಟ್ರೈಲರ್. ಆರ್‌ಸಿ ಪ್ರಕಾರ ಕಾರಿನ ಖಾಲಿ ತೂಕ 1,700 ಕೆಜಿ, ಭರ್ತಿ ಮಿತಿ 2,300 ಕೆಜಿ. ಕಾರಿನ ಮ್ಯಾನ್ಯುಯಲ್‌ನಲ್ಲಿ ಬ್ರೇಕ್ ಇರುವ ಟ್ರೈಲರ್‌ಗೆ 1,000 ಕೆಜಿ, ಹಿಚ್ ಬಾಲ್ (ಟ್ರೈಲರ್ ಕಟ್ಟಲು ಕಾರಿನ ಹಿಂದೆ ಹಾಕುವ ಕೊಂಡಿಯ ಗುಂಡು) ಮೇಲೆ 75 ಕೆಜಿ ಎಂದು ಮಿತಿ ಬರೆದಿದೆ. ಕ್ಯಾರವಾನ್‌ನ ನೋಂದಾಯಿತ ಒಟ್ಟು ತೂಕ 750 ಕೆಜಿ. ಎರಡೂ ಸೆಕೆಂಡ್ ಹ್ಯಾಂಡ್, ಎರಡಕ್ಕೂ ಕಾಗದ ಸರಿಯಾಗಿದೆ. ಕಾರಿನಲ್ಲಿ ಹಿಚ್ ಇರಲಿಲ್ಲ. ಕ್ಯಾರವಾನ್ ಬಹಳ ಕಾಲ ನಿಂತಲ್ಲೇ ನಿಂತಿತ್ತು.

ಇಂಥ ಜೋಡಿ ನೋಡಿದವರು ಮೊದಲು ಕೇಳುವುದು ಎಂಜಿನ್ ಎಳೆಯುತ್ತದಾ ಎಂದು. ಎಳೆಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಯುರೋಪಿನ ಎಷ್ಟೋ ಕಾರುಗಳ ಮ್ಯಾನ್ಯುಯಲ್‌ನಲ್ಲಿ ಪ್ರತಿ 1,000 ಮೀಟರ್‌ಗೆ ಎಳೆಯುವ ಮಿತಿಯನ್ನು ಶೇ. 10 ಇಳಿಸಿ ಎಂದೇ ಇರುತ್ತದೆ. ಟರ್ಬೊ ಡೀಸೆಲ್‌ಗೆ ಆ ಚಿಂತೆ ಕಡಿಮೆ. ಅಪಘಾತಗಳು ಬರುವುದು ಬೇರೆ ಕಡೆಯಿಂದ: ಬಾಲ್ ಮೇಲೆ ಎಷ್ಟು ತೂಕ ಕೂತಿದೆ, ಆ್ಯಕ್ಸಲ್‌ನ ಹಿಂದೆ ಎಷ್ಟು ತುಂಬಿದ್ದಾರೆ ಎಂಬುದನ್ನು ಯಾರೂ ಅಳೆಯದೆ ಹೊರಡುವುದರಿಂದ. ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ಅದೇ, ಹೆಚ್ಚು ಫಲ ಕೊಟ್ಟಿದ್ದೂ ಅದೇ.

ಮೊದಲು ಕಾಗದ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಕ್ಯಾರವಾನ್ ಒಂದು ಟ್ರೈಲರ್. ಎಂಜಿನ್ ಇಲ್ಲದಿದ್ದರೂ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಹೊಸದಾದರೆ ಫಾರ್ಮ್ 20ರಲ್ಲಿ ಅರ್ಜಿ, ಜೊತೆಗೆ ಮಾರಾಟ ಪತ್ರವಾದ ಫಾರ್ಮ್ 21 ಮತ್ತು ತಯಾರಕರು ಕೊಡುವ ರಸ್ತೆ ಯೋಗ್ಯತೆ ಪತ್ರವಾದ ಫಾರ್ಮ್ 22. ಪೀಣ್ಯದಲ್ಲಿ ಎಷ್ಟೇ ಅಚ್ಚುಕಟ್ಟಾಗಿ ವೆಲ್ಡ್ ಮಾಡಿಸಿದರೂ ಈ ಎರಡು ಪತ್ರ ಕೊಡುವವರಿಲ್ಲದ ಟ್ರೈಲರ್‌ಗೆ ನಂಬರ್ ಸಿಗುವುದಿಲ್ಲ. ಚಾಸಿಸ್ ಕಟ್ಟುವ ಆಸೆ ಇದ್ದವರು ಸ್ಟೀಲ್ ಕೊಳ್ಳುವ ಮುಂಚೆಯೇ ಇದನ್ನು ಬಗೆಹರಿಸಿಕೊಳ್ಳಬೇಕು. ನಮ್ಮ ಸಲಹೆ ನೇರ: ಆರ್‌ಸಿ ಇರುವ ಟ್ರೈಲರ್ ಕೊಳ್ಳಿ, ಚಾಸಿಸ್ ನಂಬರ್ ಉಜ್ಜಿ ನೋಡಿ ಆರ್‌ಸಿ ಜೊತೆ ತಾಳೆ ಹಾಕಿ, ಆಮೇಲೆ ದುಡ್ಡು ಕೊಡಿ.

ನಂಬರ್ ಪ್ಲೇಟ್ ವಿಚಾರದಲ್ಲಿ ಹಲವರು ಎಡವುತ್ತಾರೆ. ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೈಲರ್‌ನ ಸ್ವಂತ ನಂಬರ್ ಅದರ ಪಕ್ಕದ ಮೇಲಿರಬೇಕು, ಎಳೆಯುವ ಕಾರಿನ ನಂಬರ್ ಟ್ರೈಲರ್ ಮೇಲೂ ಕಾಣಬೇಕು. ಕಾರಿನ ಹಿಂದಿನ ಪ್ಲೇಟನ್ನು ಕ್ಯಾರವಾನ್ ಪೂರ್ತಿ ಮರೆ ಮಾಡುವುದರಿಂದ ಇದು ತರ್ಕಬದ್ಧವೂ ಹೌದು. ಕ್ಯಾರವಾನ್‌ನ ಹಿಂಬದಿಯಲ್ಲಿ ಕಾರಿನ ನಂಬರ್ ಹಾಕಿ, ಅದಕ್ಕೆ ದೀಪ ಕೊಟ್ಟೆವು.

ಹಿಚ್‌ನದು ಇನ್ನೊಂದು ತಕರಾರು. ತಯಾರಕರ ನಮೂನೆಗೆ ಹೊರತಾದ ಬದಲಾವಣೆಯನ್ನು 52ನೇ ಕಲಂ ತಡೆಯುತ್ತದೆ. ಅನುಮತಿಯಿಲ್ಲದ ಭಾಗ ಜೋಡಿಸಿದರೆ 182ಎ ಕಲಂನಡಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ಸೂಚಿಸಿದ್ದು ಇದೇ 52ನೇ ಕಲಂ ಆಧಾರದ ಮೇಲೆ. ಆದ್ದರಿಂದ ಕಾರು ಕಂಪನಿಯೇ ಆ ಮಾಡೆಲ್‌ಗೆ ಒಪ್ಪಿರುವ ಹಿಚ್ ಹಾಕುವುದು ಸುರಕ್ಷಿತ. ಅದರ ಬಿಲ್, ಪಾರ್ಟ್ ನಂಬರ್, ಫಿಟ್ಟಿಂಗ್ ಶೀಟ್ ಮೂರನ್ನೂ ಆರ್‌ಸಿ ಜೊತೆ ಇಡಿ. ಮ್ಯಾನ್ಯುಯಲ್‌ನಲ್ಲಿ ಎಳೆಯುವ ಮಿತಿಯೇ ಬರೆದಿಲ್ಲ, ಅಥವಾ ಎಳೆಯಬಾರದು ಎಂದಿದೆ ಅಂದರೆ ಆ ಕಾರನ್ನು ಬಿಟ್ಟುಬಿಡಿ. ಅದೇ ಮಾಡೆಲ್ ಹೊರದೇಶದಲ್ಲಿ 1,200 ಕೆಜಿ ಎಳೆಯುತ್ತದೆ ಎಂಬ ವಾದ ನಡೆಯದು. ಅಲ್ಲಿನ ರೇಡಿಯೇಟರ್, ಗೇರ್ ಅನುಪಾತ, ಬ್ರೇಕ್ ಬೇರೆ ಇರಬಹುದು.

ಇನ್ಶೂರೆನ್ಸ್ ಕಂಪನಿಗೆ ಹಿಚ್ ಮತ್ತು ಟ್ರೈಲರ್ ಎರಡನ್ನೂ ಬರವಣಿಗೆಯಲ್ಲಿ ತಿಳಿಸಿ, ಖಾಸಗಿ ಕಾರಿನ ಪಾಲಿಸಿಗೆ ಟ್ರೈಲರ್ ಸೇರಿಸುವ ಎಂಡೋರ್ಸ್‌ಮೆಂಟ್ ಪಡೆಯಿರಿ. ಓಡುವಾಗ ಕ್ಯಾರವಾನ್ ಒಳಗೆ ಯಾರೂ ಕೂರಬಾರದು, ಐದು ನಿಮಿಷದ ದಾರಿಯಾದರೂ ಸರಿ.

ಹಿಚ್

ಹಿಚ್‌ನ ಪ್ಲೇಟ್ ಮೇಲೆ ಎರಡು ಸಂಖ್ಯೆ ಇರುತ್ತವೆ. ಡಿ ಎಂಬುದು ಎಳೆತದ ಬಲ, ಕಿಲೊನ್ಯೂಟನ್‌ನಲ್ಲಿ. ಎಸ್ ಎಂಬುದು ಬಾಲ್ ಮೇಲೆ ಕೂರಬಹುದಾದ ಭಾರ, ಕೆಜಿಯಲ್ಲಿ. ಬೇಕಾದ ಡಿ ಎಷ್ಟೆಂದು ಲೆಕ್ಕ ಹಾಕುವುದು ಸುಲಭ: ಕಾರಿನ ಭರ್ತಿ ತೂಕ ಮತ್ತು ಟ್ರೈಲರ್‌ನ ಭರ್ತಿ ತೂಕ ಎರಡನ್ನೂ ಟನ್‌ನಲ್ಲಿ ಬರೆದು ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. ಇಲ್ಲಿ 2.3 ಗುಣಿಸು 0.75 ಅಂದರೆ 1.725; ಅದನ್ನು 3.05ರಿಂದ ಭಾಗಿಸಿದರೆ 0.566, 9.81ರಿಂದ ಗುಣಿಸಿದರೆ 5.55 ಕಿಲೊನ್ಯೂಟನ್. ಪ್ಲೇಟ್ ಮೇಲಿನ ಡಿ ಇದಕ್ಕಿಂತ ಹೆಚ್ಚಿರಬೇಕು. ಪ್ಲೇಟೇ ಇಲ್ಲದ, ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಹಿಚ್ ಬೇಡವೇ ಬೇಡ. ಅಂಥವು ಬಂಪರ್ ಬೀಮ್‌ಗೋ, ಕೆಟ್ಟ ಕಾರನ್ನು ಎಳೆಯಲು ಕೊಟ್ಟ ಕೊಂಡಿಗೋ ಜೋತುಬಿದ್ದಿರುತ್ತವೆ. ಪ್ರತಿ ಹಂಪ್‌ನಲ್ಲೂ ಮೇಲೆ ಕೆಳಗೆ ಬೀಳುವ ಹೊಡೆತಕ್ಕೆ ಆ ಜಾಗ ಮಾಡಿದ್ದಲ್ಲ. ಸ್ಪಾಟ್ ವೆಲ್ಡ್ ಪಕ್ಕದಲ್ಲಿ ಬಿರುಕು ಬಿಡುತ್ತದೆ.

ಬಂಪರ್ ಕಳಚಿ, ಸ್ಟೆಪ್ನಿ ಇಳಿಸಿದರೆ ಚಾಸಿಸ್ ರೈಲಿನ ಎರಡೂ ತುದಿಗಳಲ್ಲಿ ಕಂಪನಿಯೇ ಕೊಟ್ಟ ತೂತುಗಳು ಕಾಣುತ್ತವೆ. ಹಿಚ್‌ನ ಪಟ್ಟಿ ಒರಗುವ ಜಾಗದ ಅಂಡರ್‌ಬಾಡಿ ಕೋಟಿಂಗ್ ಪೂರ್ತಿ ಕೆರೆದು ತೆಗೆಯಬೇಕು. ಅದನ್ನು ಬಿಟ್ಟರೆ ಬೋಲ್ಟ್ ಬಿಗಿಯಾಗಿಯೇ ಇದೆ ಅನ್ನಿಸುತ್ತದೆ, ಆದರೆ ಕೆಲವು ನೂರು ಕಿಲೋಮೀಟರ್‌ನಲ್ಲಿ ಆ ಮೆತ್ತನೆಯ ಪದರ ಕುಸಿದು ಬೋಲ್ಟ್ ಸಡಿಲವಾಗುತ್ತದೆ. ಕೆರೆದ ಜಾಗಕ್ಕೆ ತೆಳುವಾಗಿ ಝಿಂಕ್ ಪ್ರೈಮರ್ ಹೊಡೆದು ಒಣಗಿಸಿ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ, ಹಿಚ್ ನಟ್ಟನಡುವೆ ಬಂದಿದೆಯೇ ಎಂದು ಎರಡೂ ಚಕ್ರದಿಂದ ಟೇಪ್ ಹಿಡಿದು ನೋಡಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಇಲ್ಲಿ ಚಾಸಿಸ್‌ಗೆ ಎಂ12, 8.8 ದರ್ಜೆಯ ಬೋಲ್ಟ್, 80 ನ್ಯೂಟನ್ ಮೀಟರ್. ಬಾಲ್ ಫ್ಲೇಂಜ್‌ಗೆ 90 ಮಿಮೀ ಅಂತರದಲ್ಲಿ ಎರಡು ಎಂ16, 195 ನ್ಯೂಟನ್ ಮೀಟರ್. ಫಿಟ್ಟಿಂಗ್ ಶೀಟ್‌ನಲ್ಲಿ ಬೇರೆ ಸಂಖ್ಯೆ ಇದ್ದರೆ ಅದೇ ಅಂತಿಮ. ನೈಲಾಕ್ ನಟ್ ಒಮ್ಮೆ ಬಿಚ್ಚಿದರೆ ಹೊಸದು ಹಾಕಿ. ಮೊದಲ 500 ಕಿಮೀ ಆದ ಮೇಲೆ ಎಲ್ಲವನ್ನೂ ಮತ್ತೆ ಟಾರ್ಕ್ ಮಾಡಿ.

ಬಾಲ್‌ನ ವ್ಯಾಸ ಇನ್ನೊಂದು ಗುಂಡಿ. ಯುರೋಪಿನ ಮಾದರಿಯ ಬಾಲ್ 50 ಮಿಮೀ. ಅಮೆರಿಕದ ಎರಡಿಂಚಿನದು 50.8 ಮಿಮೀ, ಅಲ್ಲಿನ ಚಿಕ್ಕದು 47.6 ಮಿಮೀ. ಮೂರೂ ಮಾರುಕಟ್ಟೆಯಲ್ಲಿ ಸಿಗುತ್ತವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. 47.6ರ ಬಾಲ್ ಮೇಲೆ 50ರ ಕಪ್ಲರ್ (ಬಾಲ್ ಹಿಡಿದು ಲಾಕ್ ಆಗುವ ಟ್ರೈಲರ್‌ನ ತಲೆ) ಕೂರುತ್ತದೆ, ಲಾಕ್ ಕೂಡ ಬಿದ್ದಂತೆ ಕಾಣುತ್ತದೆ, ಒಂದು ದೊಡ್ಡ ಹಂಪ್‌ನಲ್ಲಿ ಎಗರಿ ಹೊರಬರುತ್ತದೆ. ವರ್ನಿಯರ್ ಹಿಡಿದು ಅಳೆಯದೆ ಕೊಳ್ಳಬೇಡಿ. ಹಳೆಯ ಬಾಲ್ 49 ಮಿಮೀಗೆ ಸವೆದಿದ್ದರೆ ಅದರ ಆಯುಷ್ಯ ಮುಗಿಯಿತು.

ಎತ್ತರ: ಭರ್ತಿ ಮಾಡಿದ ಕಾರಿನಲ್ಲಿ ನೆಲದಿಂದ ಬಾಲ್‌ನ ನಡುಮಧ್ಯಕ್ಕೆ 350ರಿಂದ 420 ಮಿಮೀ. ಖಾಲಿ ಕಾರಿನಲ್ಲಿ 430 ಬಂತು, ಜನ ಮತ್ತು ಸಾಮಾನು ತುಂಬಿದ ಮೇಲೆ 395. ಕ್ಯಾರವಾನ್ ಸಮತಟ್ಟಾಗಿ, ಇಲ್ಲವೇ ಮೂಗು ತುಸು ತಗ್ಗಿ ನಿಲ್ಲಬೇಕು. ಮೂಗೆತ್ತಿ ನಿಂತರೆ ಬಾಲ್ ಮೇಲಿನ ಭಾರ ಕಡಿಮೆಯಾಗಿ ಓಲಾಟ ಶುರುವಾಗುತ್ತದೆ.

ಕಳಚಬಹುದಾದ ಬಾಲ್ ಆಯ್ದುಕೊಂಡದ್ದಕ್ಕೆ ಊರಿನ ಟ್ರಾಫಿಕ್ಕೇ ಕಾರಣ. ಸಿಗ್ನಲ್‌ನಲ್ಲಿ ಕಾರುಗಳ ಮಧ್ಯೆ ನುಸುಳುವ ಬೈಕಿನವರ ಮೊಣಕಾಲ ಕೆಳಗಿನ ಎತ್ತರಕ್ಕೆ ಅದು ಸರಿಯಾಗಿ ಬರುತ್ತದೆ. ಕ್ಯಾರವಾನ್ ಇಲ್ಲದ ದಿನ ಬಾಲ್ ಡಿಕ್ಕಿಯಲ್ಲಿರಲಿ.

ವೈರಿಂಗ್

ಏಳು ಪಿನ್ನಿನ ಸಾಕೆಟ್ ಸಾಕು. ಅದರ ಕ್ರಮ:

1 ಹಳದಿ, ಎಡ ಇಂಡಿಕೇಟರ್
2 ನೀಲಿ, ಹಿಂದಿನ ಫಾಗ್ ದೀಪ
3 ಬಿಳಿ, ಅರ್ತ್
4 ಹಸಿರು, ಬಲ ಇಂಡಿಕೇಟರ್
5 ಕಂದು, ಬಲ ಟೇಲ್ ದೀಪ
6 ಕೆಂಪು, ಬ್ರೇಕ್ ದೀಪ
7 ಕಪ್ಪು, ಎಡ ಟೇಲ್ ದೀಪ

ನಮ್ಮ ಎಲೆಕ್ಟ್ರಿಷಿಯನ್‌ಗಳ ಕೈ ಕಪ್ಪು ವೈರ್ ಕಂಡ ಕೂಡಲೇ ಅರ್ತ್‌ಗೆ ಹೋಗುತ್ತದೆ. ಇಲ್ಲಿ ಅರ್ತ್ ಬಿಳಿ. ಕಪ್ಪನ್ನು ಕಾರಿನ ಲೋಹದ ಮೈಗೆ ಕಟ್ಟಿದರೆ ಪಾರ್ಕ್ ದೀಪ ಹಾಕಿದ ತಕ್ಷಣ ಫ್ಯೂಸ್ ಹೋಗುತ್ತದೆ. ಕೆಲಸ ಕೊಡುವಾಗ ಈ ಪಟ್ಟಿ ಬರೆದು ಕೈಗೆ ಕೊಡಿ.

ಹಿಂದಿನ ಲ್ಯಾಂಪ್‌ನ ವೈರ್ ಸುಲಿದು ನೇರವಾಗಿ ಜೋಡಿಸುವುದು ಹಳೆಯ ಕಾರುಗಳಿಗೆ ನಡೆಯುತ್ತಿತ್ತು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಪ್ರತಿ ಬಲ್ಬಿನ ಕರೆಂಟ್ ನೋಡುತ್ತಿರುತ್ತದೆ. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಒಂದೇ 1.75 ಆಂಪಿಯರ್ ಎಳೆಯುತ್ತದೆ. ಇನ್ನೊಂದು ಸೇರಿದರೆ ಎರಡರಷ್ಟು, ಕಂಪ್ಯೂಟರ್ ಅದನ್ನು ದೋಷ ಎಂದು ತಿಳಿದು ಲೈನನ್ನೇ ಮುಚ್ಚಬಹುದು. ಆದ್ದರಿಂದ ಬೈಪಾಸ್ ರಿಲೇ ಬಾಕ್ಸ್ ಬೇಕು: ಕಾರಿನ ಲ್ಯಾಂಪ್ ವೈರ್‌ನಿಂದ ಅದು ಸಿಗ್ನಲ್ ಮಾತ್ರ ತೆಗೆದುಕೊಳ್ಳುತ್ತದೆ, ದೀಪ ಉರಿಸುವ ಕರೆಂಟ್ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ನೇರವಾಗಿ ಬರುತ್ತದೆ. ಫ್ಯೂಸ್ ಬ್ಯಾಟರಿ ಟರ್ಮಿನಲ್‌ನ ಪಕ್ಕದಲ್ಲೇ ಇರಬೇಕು. ದೀಪಗಳ ವೈರ್ 1.5 ಚದರ ಮಿಮೀ, ಅರ್ತ್ 2.5. ಎಸ್‌ಪಿ ರೋಡಿನಲ್ಲಿ ಏಳು ಕೋರ್ ಕೇಬಲ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಒಳಗಿನ ತಾಮ್ರ ಬರೆದಷ್ಟಿದೆಯೇ ಎಂದು ತುದಿ ಸುಲಿದು ನೋಡಿಯೇ ಕತ್ತರಿಸಿಕೊಳ್ಳಿ.

ಒಂದು ಇಂಡಿಕೇಟರ್ ಹಾಕಿದರೆ ಎಲ್ಲ ದೀಪಗಳೂ ಮಂಕಾಗಿ ಮಿಣುಕಿದರೆ ಅದು ಅರ್ತ್ ದೋಷ, ಬೇರೆಲ್ಲೂ ಹುಡುಕಬೇಡಿ.

ಓಡುವಾಗ ಕ್ಯಾರವಾನ್ ಬ್ಯಾಟರಿ ಚಾರ್ಜ್ ಆಗಬೇಕೆಂದರೆ ಈ ಏಳು ಪಿನ್ ಬಳಸಬೇಡಿ. ಆರು ಮೀಟರ್ ದೂರಕ್ಕೆ 2.5 ಚದರ ಮಿಮೀ ವೈರ್‌ನಲ್ಲಿ 20 ಆಂಪಿಯರ್ ಕಳಿಸಿದರೆ ಹೋಗಿ ಬರುವ ದಾರಿಯಲ್ಲಿ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ, ಆ ಕಡೆ ಬ್ಯಾಟರಿ ತುಂಬುವುದೇ ಇಲ್ಲ. 10 ಚದರ ಮಿಮೀ ಹಾಕಿದರೆ ನಷ್ಟ 0.4 ವೋಲ್ಟ್. ಪ್ರತ್ಯೇಕ ಎರಡು ಪಿನ್ನಿನ ಕನೆಕ್ಟರ್, ಎರಡೂ ತುದಿಯಲ್ಲಿ ಫ್ಯೂಸ್, ಕ್ಯಾರವಾನ್ ಕಡೆ ಡಿಸಿ ಟು ಡಿಸಿ ಚಾರ್ಜರ್ ಹಾಕಿದೆವು.

ಬೇರಿಂಗ್, ಬ್ರೇಕ್, ಟಯರ್

ನಿಂತ ಟ್ರೈಲರ್‌ನ ಬೇರಿಂಗ್ ಒಳಗೆ ಗ್ರೀಸ್ ಒಂದೇ ಕಡೆ ಇಳಿದು ಗಟ್ಟಿಯಾಗಿರುತ್ತದೆ, ರೋಲರ್ ಕೂತ ಜಾಗದಲ್ಲಿ ತುಕ್ಕಿನ ಗೆರೆ ಬಿದ್ದಿರುತ್ತದೆ. ಚಕ್ರ ತಿರುಗಿಸಿದರೆ ಗರಗರ ಸದ್ದು ಬಂದರೆ ತೊಳೆದು ಮತ್ತೆ ಹಾಕುವ ಯೋಚನೆ ಬಿಡಿ. ಒಳ, ಹೊರ ಟೇಪರ್ ಬೇರಿಂಗ್, ಕಪ್, ಆಯಿಲ್ ಸೀಲ್ ಎಲ್ಲ ಹೊಸದಾಗಿ ಹಾಕಿ. ಬೇರಿಂಗ್ ಮೇಲಿನ ನಂಬರ್ ತೋರಿಸಿದರೆ ಜೆ.ಸಿ. ರಸ್ತೆಯಲ್ಲಿ ಅದೇ ಸಿಗುತ್ತದೆ. ಲಿಥಿಯಂ ಗ್ರೀಸನ್ನು ಅಂಗೈಯಲ್ಲಿ ಹಾಕಿಕೊಂಡು ರೋಲರ್‌ಗಳ ಸಂದಿಗೆ ಆ ಬದಿಯಿಂದ ಹೊರಬರುವವರೆಗೂ ತುರುಕಬೇಕು. ಹಬ್ ತಿರುಗಿಸುತ್ತಲೇ ಕ್ಯಾಸಲ್ ನಟ್ ಬಿಗಿ ಮಾಡಿ, ಚಕ್ರ ಭಾರವಾದಾಗ ಆರನೇ ಒಂದು ಸುತ್ತು ಹಿಂದೆ ತಿರುಗಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಸೀಲ್ ಮಾಡಿದ ಹಬ್ ಇದ್ದರೆ ಈ ವಿಧಾನ ಅನ್ವಯಿಸುವುದಿಲ್ಲ, ಅದರ ನಟ್‌ಗೆ ತಯಾರಕರು ಹೇಳಿದ ಟಾರ್ಕ್ ಕೊಡಬೇಕು.

ಈ ಕ್ಯಾರವಾನ್‌ನಲ್ಲಿರುವುದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಕ್ಯಾರವಾನ್ ಮುಂದಕ್ಕೆ ತಳ್ಳುತ್ತದೆ, ಕಪ್ಲರ್‌ನ ಹಿಂದಿನ ದಂಡ ಒಳಸರಿಯುತ್ತದೆ, ಅದು ರಾಡ್ ಎಳೆದು ಡ್ರಮ್ ಬ್ರೇಕ್ ಹಿಡಿಯುತ್ತದೆ. ಹೊಂದಾಣಿಕೆಯನ್ನು ಯಾವಾಗಲೂ ಚಕ್ರದಿಂದ ಶುರು ಮಾಡಬೇಕು. ರಾಡ್ ಸಡಿಲ ಬಿಟ್ಟು, ಚಕ್ರವನ್ನು ಮುಂದಿನ ದಿಕ್ಕಿಗೆ ಮಾತ್ರ ತಿರುಗಿಸುತ್ತಾ ಡ್ರಮ್‌ನ ಅಡ್ಜಸ್ಟರ್ ಬಿಗಿ ಮಾಡಿ. ಚಕ್ರ ಹಿಡಿದ ಮೇಲೆ ಸಲೀಸಾಗಿ ತಿರುಗುವಷ್ಟು ಹಿಂದೆ ಬಿಡಿ. ಹಿಮ್ಮುಖ ತಿರುಗಿಸಿದರೆ ರಿವರ್ಸ್‌ಗಾಗಿ ಕೊಟ್ಟ ಶೂ ಸರಿದು ಅಳತೆ ತಪ್ಪುತ್ತದೆ. ಎರಡೂ ಚಕ್ರ ಸಮ ಬಂದ ನಂತರವೇ ರಾಡಿನ ಸಡಿಲ ತೆಗೆಯಿರಿ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಸುಮ್ಮನೆ ರಾಡನ್ನೇ ಎಳೆದು ಬಿಗಿ ಮಾಡುವ ಗ್ಯಾರೇಜುಗಳಿವೆ. ಹಾಗೆ ಮಾಡಿದರೆ ಒಂದು ಚಕ್ರ ಮೊದಲು ಹಿಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಕ್ಯಾರವಾನ್ ಪಕ್ಕಕ್ಕೆ ಜಾರುತ್ತದೆ.

ಕ್ಯಾರವಾನ್ ಕಳಚಿಹೋದರೆ ಅದರ ಬ್ರೇಕ್ ಎಳೆಯುವ ಬ್ರೇಕ್‌ಅವೇ ಕೇಬಲ್ ಹಿಚ್‌ನ ಚಾಸಿಸ್ ಭಾಗದ ಕೊಂಡಿಗೆ ಹೋಗಬೇಕು. ಬಾಲ್‌ನ ಕುತ್ತಿಗೆಗೆ ಸುತ್ತಿದರೆ ಬಾಲ್ ಕಳಚಿದಾಗ ಕೇಬಲ್ಲೂ ಕಳಚುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು, ನೆಲಕ್ಕೆ ತಾಗದಷ್ಟು ಸಡಿಲ ಇರಲಿ. ಬ್ರೇಕ್ ಇಲ್ಲದ ಟ್ರೈಲರ್ ಆದರೆ ಕೇಬಲ್ ಬದಲು ಎರಡು ಸರಪಳಿ, ಕಪ್ಲರ್ ಕೆಳಗೆ ಅಡ್ಡಡ್ಡ ದಾಟಿಸಿ. ಕಪ್ಲರ್ ಬಿಟ್ಟುಹೋದರೂ ಮೂಗು ನೆಲಕ್ಕೆ ಬೀಳದೆ ಸರಪಳಿಯ ಮೇಲೆ ಕೂರುತ್ತದೆ.

ಸಾಮಾನ್ಯ ಕಪ್ಲರ್‌ಗೆ ಬಾಲ್ ಮೇಲೆ ಗ್ರೀಸ್ ಬೇಕು. ಓಲಾಟ ತಡೆಯುವ ಘರ್ಷಣೆ ಪ್ಯಾಡ್ ಇರುವ ಕಪ್ಲರ್ ಆದರೆ ಬಾಲ್ ಒಣಗಿ, ಶುಭ್ರವಾಗಿ, ಬಣ್ಣವಿಲ್ಲದೆ ಇರಬೇಕು. ಯಾರೋ ಒಳ್ಳೆಯ ಮನಸ್ಸಿನಿಂದ ಗ್ರೀಸ್ ಸವರಿದರೆ ಆ ಪ್ಯಾಡ್ ಅಲ್ಲಿಗೇ ಹಾಳು.

ಟಯರ್ 155/80 ಆರ್13, ಲೋಡ್ ಇಂಡೆಕ್ಸ್ 79. ವ್ಯಾಗನ್‌ಆರ್‌ಗೆ ಬರುವ ಅಳತೆಯಾದ್ದರಿಂದ ಯಾವ ಊರಿನಲ್ಲಾದರೂ ಸಿಗುತ್ತದೆ, ದಾರಿಯಲ್ಲಿ ಇದು ದೊಡ್ಡ ಅನುಕೂಲ. 79 ಅಂದರೆ ಟಯರ್‌ಗೆ 437 ಕೆಜಿ, ಎರಡಕ್ಕೆ 874. 750ಕ್ಕೆ ಬೇಕಾದಷ್ಟು ಅಂತರ ಉಳಿಯುತ್ತದೆ. ಟಯರ್‌ನ ಟ್ರೆಡ್ ಎಷ್ಟು ಹೊಸದಾಗಿ ಕಂಡರೂ ವಯಸ್ಸು ನೋಡಿ: ಪಕ್ಕದಲ್ಲಿ 2418 ಎಂದಿದ್ದರೆ ಅದು 2018ರ 24ನೇ ವಾರದ್ದು. ನಿಂತೇ ವಯಸ್ಸಾದ ಟಯರ್ ಸವೆಯುವುದಿಲ್ಲ, ಸಿಡಿಯುತ್ತದೆ. ವೀಲ್ ನಟ್ 90 ನ್ಯೂಟನ್ ಮೀಟರ್, 50 ಕಿಮೀ ಓಡಿದ ಮೇಲೆ ಮತ್ತೊಮ್ಮೆ. ಕ್ಯಾರವಾನ್‌ಗೂ ಒಂದು ಸ್ಟೆಪ್ನಿ, ಅದರ ಆ್ಯಕ್ಸಲ್ ಕೆಳಗೆ ಹೋಗುವ ಜಾಕಿ ಎರಡೂ ಬೇಕು. ಕಾರಿನ ಜಾಕಿ ಅಲ್ಲಿಗೆ ಕೂರದೇ ಹೋಗಬಹುದು.

ತೂಕ

ಯಶವಂತಪುರ ಎಪಿಎಂಸಿ ಸುತ್ತಮುತ್ತ ವೇಬ್ರಿಡ್ಜ್‌ಗಳಿವೆ. ಬೆಳಿಗ್ಗೆಯ ಲಾರಿ ಗದ್ದಲ ಕಳೆದ ಮೇಲೆ ಹೋದರೆ ನಿಧಾನವಾಗಿ ತೂಗಬಹುದು. ಪ್ರವಾಸಕ್ಕೆ ಹೊರಡುವಾಗ ಹೇಗಿರುತ್ತದೋ ಹಾಗೇ ತುಂಬಿಕೊಂಡು, ಜನರನ್ನೂ ಕೂರಿಸಿಕೊಂಡು ಹೋಗಬೇಕು. ಮೂರು ತೂಕ: ಒಂದು, ಕಾರು ಮಾತ್ರ; ಎರಡು, ಕ್ಯಾರವಾನ್ ಕಟ್ಟಿದ ಮೇಲೆ ಕಾರಿನ ನಾಲ್ಕು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ; ಮೂರು, ಪೂರ್ತಿ ಜೋಡಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬಾಲ್ ಮೇಲಿನ ಭಾರ, ಅಂದರೆ ಮೂತಿಭಾರ. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ ಕ್ಯಾರವಾನ್‌ನ ಒಟ್ಟು ತೂಕ.

ವೇಬ್ರಿಡ್ಜ್ ಐದು ಅಥವಾ ಹತ್ತು ಕೆಜಿ ಹೆಜ್ಜೆಯಲ್ಲಿ ತೋರಿಸುವುದರಿಂದ ಮೂತಿಭಾರಕ್ಕೆ ಅದನ್ನೇ ನಂಬಬಾರದು. ಮನೆಯಲ್ಲಿ ಮನುಷ್ಯರನ್ನು ತೂಗುವ ಮಾಪಕ ಸಾಕು. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಕಪ್ಲರ್‌ನ ಬಾಲ್ ಕೂರುವ ಗುಳಿಗೆ ನೇರ ಕೆಳಗೆ ಮಾಪಕ ಇಟ್ಟು, ನಡುವೆ ಸರಿಯಾದ ಉದ್ದದ ಮರದ ತುಂಡು ನಿಲ್ಲಿಸಿ. ಕಪ್ಲರ್ ಇರಬೇಕಾದದ್ದು ಕಾರಿಗೆ ಕಟ್ಟಿದಾಗಿನ ಎತ್ತರದಲ್ಲೇ, ಇಲ್ಲಿ 395 ಮಿಮೀ. ಕ್ಯಾರವಾನ್‌ನ ಮೂಗನ್ನು ಏರಿಸಿ ಇಳಿಸುವ ಜಾಕಿ ಚಕ್ರವನ್ನು ಮಾಪಕದ ಮೇಲಿಟ್ಟು ತೂಗಿದರೆ ಹೆಚ್ಚು ತೋರಿಸುತ್ತದೆ, ಏಕೆಂದರೆ ಅದು ಆ್ಯಕ್ಸಲ್‌ಗೆ ಹತ್ತಿರ.

ಬಂದ ಸ್ಥಿತಿಯಲ್ಲಿ ಕ್ಯಾರವಾನ್ 773 ಕೆಜಿ ತೂಗಿತು. ಮೂತಿಭಾರ 22 ಕೆಜಿ, ಶೇ. 3 ಕೂಡ ಇಲ್ಲ. ಅಂದರೆ ನೋಂದಾಯಿತ ಮಿತಿಗಿಂತ 23 ಕೆಜಿ ಹೆಚ್ಚು, ಜೊತೆಗೆ ಹಿಂಭಾರ. ಮಿತಿ ಮೀರಿದ ತೂಕಕ್ಕೆ 194ನೇ ಕಲಂನಡಿ ದಂಡ 20,000 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ನಿಜವಾದ ಅಪಾಯ ಆ 22ರಲ್ಲಿತ್ತು. ಬ್ರಿಟನ್ನಿನಲ್ಲಿ ಕ್ಯಾರವಾನ್‌ಗೆ ಹೇಳುವ ಲೆಕ್ಕ ಒಟ್ಟು ತೂಕದ ಶೇ. 5ರಿಂದ 7. ಅಮೆರಿಕದವರು 10ರಿಂದ 15 ಎನ್ನುತ್ತಾರೆ, ಅವರ ಕಾರು, ಹಿಚ್, ಟ್ರೈಲರ್ ಮೂರೂ ಆ ಲೆಕ್ಕಕ್ಕೆ ಮಾಡಿದವು. ನಮ್ಮ ಕಾರುಗಳ 75 ಕೆಜಿ ಥರದ ಬಾಲ್ ಮಿತಿಗೆ ಬ್ರಿಟನ್ನಿನ ಲೆಕ್ಕವೇ ಹೊಂದುತ್ತದೆ.

ಕಾರಣ ಹಿಂದಿನ ಮಂಚದ ಕೆಳಗಿತ್ತು: ಮನೆಯ ಯುಪಿಎಸ್‌ಗೆ ಹಾಕುವ 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ, ಆಸಿಡ್ ಸೇರಿ 55 ಕೆಜಿ. ಆ್ಯಕ್ಸಲ್‌ನಿಂದ 1.1 ಮೀಟರ್ ಹಿಂದೆ. ಬಾಲ್‌ನಿಂದ ಆ್ಯಕ್ಸಲ್‌ಗೆ 2.8 ಮೀಟರ್. 55 ಗುಣಿಸು 1.1, ಭಾಗಿಸು 2.8 ಅಂದರೆ 21.6, ಅಷ್ಟು ಕೆಜಿಯನ್ನು ಆ ಬ್ಯಾಟರಿ ಒಂದೇ ಮೂತಿಯಿಂದ ಎತ್ತಿ ಹಿಡಿದಿತ್ತು. ಅದನ್ನು ತೆಗೆದು 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12 ಕೆಜಿ, ಆ್ಯಕ್ಸಲ್‌ನ 0.4 ಮೀಟರ್ ಮುಂದೆ ನೆಲಕ್ಕೆ ಬಿಗಿದೆವು. ಅದರಿಂದ ಮೂತಿಗೆ ಇನ್ನೂ 1.7 ಸೇರಿತು. ಹೊಸ ಸಂಖ್ಯೆ: ಒಟ್ಟು 730 ಕೆಜಿ, ಮೂತಿಭಾರ 45 ಕೆಜಿ, ಶೇ. 6.2. ಕರೆಂಟ್‌ನಲ್ಲಿ ನಷ್ಟವಾಗಲಿಲ್ಲ. ಟ್ಯೂಬುಲರ್‌ನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ ಅದು ಕೊಡುತ್ತಿದ್ದದ್ದು 900 ವ್ಯಾಟ್ ಅವರ್, ಲಿಥಿಯಂನಲ್ಲಿ ಶೇ. 80 ಬಳಸಿದರೂ ಸಾವಿರ ದಾಟುತ್ತದೆ.

ಇಲ್ಲಿ ಒಂದು ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ: ಹಿಂದಿನದನ್ನು ಹಾಗೇ ಬಿಟ್ಟು ಮುಂದಿನ ಡಬ್ಬದಲ್ಲಿ 50 ಕೆಜಿ ತುಂಬಿದರೆ ಮಾಪಕದಲ್ಲಿ ಸಂಖ್ಯೆ ಸರಿಹೋಗುತ್ತದಲ್ಲ ಎಂದು. ಸಂಖ್ಯೆ ಸರಿಹೋಗುತ್ತದೆ, ಕ್ಯಾರವಾನ್ ಸರಿಹೋಗುವುದಿಲ್ಲ. ಎರಡೂ ತುದಿಯಲ್ಲಿ ಭಾರ ಇದ್ದರೆ ಒಮ್ಮೆ ಓಲಾಡಲು ಶುರುವಾದದ್ದು ನಿಲ್ಲಲು ಬಹಳ ಹೊತ್ತು ಬೇಕು. ಭಾರವಾದದ್ದೆಲ್ಲ ತಗ್ಗಿನಲ್ಲಿ, ಆ್ಯಕ್ಸಲ್‌ನ ಆಸುಪಾಸಿನಲ್ಲಿ. ಹಗುರದ್ದು ಮೇಲೆ ಮತ್ತು ತುದಿಗೆ. 40 ಲೀಟರ್ ನೀರಿನ ಟ್ಯಾಂಕ್ ಖಾಲಿ ಹೋಗಲಿ, ತಲುಪಿದ ಮೇಲೆ ತುಂಬಿ. ಅರ್ಧ ತುಂಬಿದ ನೀರು ತುಳುಕುತ್ತಾ ಪ್ರತಿ ತಿರುವಿನಲ್ಲೂ ಭಾರದ ಜಾಗ ಬದಲಿಸುತ್ತದೆ. 5 ಕೆಜಿಯ ಗ್ಯಾಸ್ ಸಿಲಿಂಡರ್ ನೆಟ್ಟಗೆ, ಬೆಲ್ಟ್ ಬಿಗಿದು, ವಾಲ್ವ್ ಮುಚ್ಚಿ.

ಕಾರಿನ ಕಡೆಗೂ ಲೆಕ್ಕ ಇದೆ. ವೀಲ್‌ಬೇಸ್ 2.75 ಮೀಟರ್, ಹಿಂದಿನ ಆ್ಯಕ್ಸಲ್‌ನಿಂದ ಬಾಲ್ ಒಂದು ಮೀಟರ್ ಆಚೆ. ಬಾಲ್ ಮೇಲೆ 50 ಕೆಜಿ ಕೂತರೆ ಹಿಂದಿನ ಆ್ಯಕ್ಸಲ್ ಮೇಲೆ 68 ಏರುತ್ತದೆ, ಮುಂದಿನಿಂದ 18 ಇಳಿಯುತ್ತದೆ. ಮೂರನೇ ಸಾಲಿನಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು, ಜೊತೆಗೆ ಕ್ಯಾರವಾನ್ ಎಂದರೆ ಹಿಂದಿನ ಆ್ಯಕ್ಸಲ್ ಮಿತಿ ಮೊದಲು ಮುಗಿಯುತ್ತದೆ. ಹಿಂದಿನ ಟಯರ್‌ಗೆ ಭರ್ತಿ ಭಾರದ ಗಾಳಿ, ಹೆಡ್‌ಲೈಟ್ ಒಂದು ಹಂತ ತಗ್ಗಿಸಿ.

ರಸ್ತೆಯಲ್ಲಿ

ಕ್ಯಾರವಾನ್ ಕಾರಿಗಿಂತ ಅಗಲ ಇರುವುದರಿಂದ ಎರಡೂ ಕಡೆ ಉದ್ದ ಚಾಚುವ ಹೆಚ್ಚುವರಿ ಕನ್ನಡಿ ಬೇಕೇ ಬೇಕು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ.

ಹೊರಡುವ ಮುನ್ನ ಕಪ್ಲರ್ ಲಾಕ್ ಆಗಿದೆಯೇ ಎಂದು ನೋಡುವ ಒಂದೇ ನಂಬಿಕಸ್ತ ದಾರಿ: ಕಟ್ಟಿದ ಮೇಲೆ ಜಾಕಿ ಚಕ್ರವನ್ನು ಕೆಳಗೆ ತಿರುಗಿಸಿ ಮೂಗನ್ನು ಎತ್ತಲು ನೋಡಿ. ಕಾರಿನ ಹಿಂಭಾಗವೂ ಮೇಲೇರಿದರೆ ಸರಿ. ಆಮೇಲೆ ಜಾಕಿ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿಯಿರಿ. ಇದು ಬೆಂಗಳೂರಿನಲ್ಲಿ ಎರಡು ಪಟ್ಟು ಮುಖ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬಡಾವಣೆಗಳಲ್ಲಿ ಸಿಗುವವು ಅಷ್ಟೇ ಎತ್ತರ, ಅಗಲ ಅದರ ಕಾಲು ಭಾಗವೂ ಇರುವುದಿಲ್ಲ. ಅರ್ಧ ಎತ್ತಿದ ಜಾಕಿ ಚಕ್ರ ಮೊದಲ ಹಂಪ್‌ಗೇ ಬಾಗುತ್ತದೆ. ಹಂಪ್ ಅನ್ನು ನೇರವಾಗಿ, ನಡಿಗೆಯ ವೇಗದಲ್ಲಿ ದಾಟಿ. ಕಾರು ದಾಟಿತೆಂದು ವೇಗ ಹೆಚ್ಚಿಸಬೇಡಿ, ಕ್ಯಾರವಾನ್ ಇನ್ನೂ ಹತ್ತುತ್ತಿರುತ್ತದೆ.

ಮೊದಲ ಪರೀಕ್ಷೆಗೆ ಭಾನುವಾರ ಬೆಳಿಗ್ಗೆ, ತುಮಕೂರು ರಸ್ತೆ ಅಥವಾ ಕೋಲಾರದ ಕಡೆ. 40, 60, 70 ಎಂದು ಹಂತ ಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಸ್ಟೀರಿಂಗ್ ಹೇಗಿದೆ ಎಂದು ಗಮನಿಸಿ. ನಿಲ್ಲಿಸಿ ಹಬ್ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ, ಒಂದು ಕೈ ಇಡಲಾಗದಷ್ಟು ಸುಡುತ್ತಿದ್ದರೆ ಆ ಕಡೆಯ ಬ್ರೇಕ್ ಹಿಡಿದೇ ಇದೆ ಅಥವಾ ಬೇರಿಂಗ್ ಬಿಗಿ. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವ ಕಾರಿಗೆ ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ಸಾಮಾನ್ಯ ಎರಡು ಪಥದ ರಸ್ತೆಯಲ್ಲಿ 50 ಮೈಲಿ ಮಿತಿ. ಅಲ್ಲಿನ 50 ಅಂದರೆ 80 ಕಿಮೀ. ನಮ್ಮ ಹೆದ್ದಾರಿಗಳಲ್ಲಿ ಅದಕ್ಕಿಂತ ಮೇಲೆ ಹೋಗುವ ಅಗತ್ಯ ನಮಗೆ ಕಾಣುವುದಿಲ್ಲ. ಎಡ ಪಥ ಹಿಡಿದು 70ರಲ್ಲಿ ಹೋಗುವುದೇ ಲೇಸು.

ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ, ಆಟೊ, ಟ್ರ್ಯಾಕ್ಟರ್, ಬಹು ಆ್ಯಕ್ಸಲ್ ಹೈಡ್ರಾಲಿಕ್ ಟ್ರೈಲರ್‌ಗಳಿಗೆ ಪ್ರವೇಶವಿಲ್ಲ. ಕಾರಿನ ಹಿಂದಿನ ಕ್ಯಾರವಾನ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಆದರೂ ಟ್ರೈಲರ್ ಎಂಬ ಮಾತಿಗೆ ಯಾರಾದರೂ ತಡೆದರೆ ತೋರಿಸಲು ಎರಡೂ ಆರ್‌ಸಿ ಕೈಗೆ ಸಿಗುವಂತಿರಲಿ.

ಕೆಎಸ್‌ಆರ್‌ಟಿಸಿ ಬಸ್ ಅಥವಾ ದೊಡ್ಡ ಲಾರಿ ಪಕ್ಕದಲ್ಲಿ ದಾಟುವಾಗ ಅದರ ಮುಂದಿನ ಗಾಳಿ ಕ್ಯಾರವಾನ್‌ನ ಹಿಂಭಾಗವನ್ನು ಮೊದಲು ತಳ್ಳುತ್ತದೆ, ಆಮೇಲೆ ಪಕ್ಕದ ಸೆಳೆತ ಒಳಗೆಳೆಯುತ್ತದೆ. ಕನ್ನಡಿಯಲ್ಲಿ ಕಂಡಾಗಲೇ ಎಡಕ್ಕೆ ಅರ್ಧ ಅಡಿ ಸರಿದು ವೇಗ ತುಸು ಇಳಿಸಿ. ಅಷ್ಟಾಗಿಯೂ ಕ್ಯಾರವಾನ್ ಹಾವಿನಂತೆ ಹರಿದಾಡಲು ಶುರುವಾದರೆ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಾರಿನ ಬ್ರೇಕ್ ಒತ್ತಬೇಡಿ. ಓಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಿದರೆ ಕೈ ಯಾವಾಗಲೂ ಒಂದು ಕ್ಷಣ ತಡವಾಗಿ ಅದನ್ನು ಹೆಚ್ಚಿಸುತ್ತದೆ. ವೇಗ ಹೆಚ್ಚಿಸಿ ಎಳೆದು ನೇರ ಮಾಡಬಹುದು ಎಂಬ ಮಾತು ಕೇಳಿಬರುತ್ತದೆ; ಅದು ಜೀವಕ್ಕೆ ಅಪಾಯ. ನಿಂತ ಮೇಲೆ ಭಾರ ಎಲ್ಲಿ ಸರಿದಿದೆ, ಟಯರ್‌ನಲ್ಲಿ ಗಾಳಿ ಇದೆಯೇ ಎಂದು ನೋಡದೆ ಮುಂದೆ ಹೋಗಬೇಡಿ.

ಘಾಟಿ ಇಳಿಯುವಾಗ ಓವರ್‌ರನ್ ಬ್ರೇಕ್‌ನ ದೌರ್ಬಲ್ಯ ಬಯಲಾಗುತ್ತದೆ. ಸಕಲೇಶಪುರದಿಂದ ಗುಂಡ್ಯದ ಕಡೆ ಶಿರಾಡಿ ಇಳಿಯುವ ಉದ್ದಕ್ಕೂ ಕ್ಯಾರವಾನ್ ಕಾರನ್ನು ತಳ್ಳುತ್ತಲೇ ಇರುತ್ತದೆ, ಅಂದರೆ ಅದರ ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ, ಹಿಡಿತ ಕುಗ್ಗುತ್ತದೆ. ಇಳಿಜಾರು ಶುರುವಾಗುವ ಮುನ್ನವೇ ಎರಡನೇ ಅಥವಾ ಮೂರನೇ ಗೇರ್. ಬ್ರೇಕ್ ಸವರುತ್ತಾ ಇಳಿಯದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ, ಮತ್ತೆ ಏರಿದಾಗ ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಅಗಲವಿರುವ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ಆರಲು ಬಿಡಿ. ಕಾದ ಡ್ರಮ್ ಆರುವಾಗ ಕುಗ್ಗಿ ಶೂ ಅಂಟಿಕೊಳ್ಳುತ್ತದೆ. ನಂದಿ ಬೆಟ್ಟದಂಥ ಬಿಗಿ ಹೇರ್‌ಪಿನ್ ರಸ್ತೆಗೆ ಕ್ಯಾರವಾನ್ ಒಯ್ಯಬೇಡಿ, ಬುಡದಲ್ಲಿ ನಿಲ್ಲಿಸಿ ಕಾರಿನಲ್ಲಿ ಹತ್ತಿ.

ರಿವರ್ಸ್ ಅಭ್ಯಾಸಕ್ಕೆ ಖಾಲಿ ಮೈದಾನ ಬೇಕು. ಕೈಯನ್ನು ಸ್ಟೀರಿಂಗ್‌ನ ಕೆಳತುದಿಯಲ್ಲಿ ಹಿಡಿದರೆ ಕೈ ಸರಿದ ದಿಕ್ಕಿಗೇ ಕ್ಯಾರವಾನ್‌ನ ಹಿಂಭಾಗ ಹೋಗುತ್ತದೆ. ಚಿಕ್ಕ ಟ್ರೈಲರ್ ಬೇಗ ಮಡಚಿಕೊಳ್ಳುತ್ತದೆ, ಆದ್ದರಿಂದ ಒಂದು ಕನ್ನಡಿಯಲ್ಲಿ ಅದರ ಪಕ್ಕ ದೊಡ್ಡದಾಗಿ ಕಂಡ ಕೂಡಲೇ ಅದೇ ಕನ್ನಡಿಯ ಕಡೆಗೆ ಸ್ಟೀರಿಂಗ್ ತಿರುಗಿಸಿ ನೇರ ಮಾಡಿ. ಮೀರಿಹೋದರೆ ಹಠ ಹಿಡಿಯದೆ ಮುಂದೆ ಎಳೆದು ಮತ್ತೆ ಶುರು ಮಾಡಿ. ಮಡಚಿದ ಕೋನದಲ್ಲಿ ಇನ್ನೂ ಹಿಂದೆ ತಳ್ಳಿದರೆ ಮೊದಲು ಹಾಳಾಗುವುದು ಸಾಕೆಟ್ ಕೇಬಲ್, ನಂತರ ಬಂಪರ್.